ಸರ್ಕಾರಿ ನೆಲದಲ್ಲಿ ಆಹಾರ ವಿಕ್ರಯ: ಮಧುಗಿರಿ ಸೀಮೆಯಿಂದ ಒಂದು ಸಮೀಕ್ಷೆ

ಸರ್ಕಾರದ ಸ್ವಾಮ್ಯಕ್ಕೆ ಸೇರಿದ ಕಟ್ಟಡದಲ್ಲಿಯೋ ಅಂಗಳದಲ್ಲಿಯೋ ವ್ಯಾಪಾರಿಯೊಬ್ಬನು ಯಂತ್ರವನ್ನಾಗಲಿ ಮಳಿಗೆಯನ್ನಾಗಲಿ ಇರಿಸಿ ತಿನ್ನುವ ಕುಡಿಯುವ ಪದಾರ್ಥಗಳನ್ನು ಮಾರುವಾಗ, ಆ ಪದಾರ್ಥಗಳು ಶುಚಿಯಾಗಿದ್ದರೆ ಸಾಕೋ, ಅಥವಾ ಅವು ಪುಷ್ಟಿಕರವೂ ಆಗಿರತಕ್ಕದ್ದೆಂದು ನಿಬಂಧನೆ ಹಾಕುವ ಅಧಿಕಾರ ನೆಲದ ಒಡೆತನವುಳ್ಳ ಸರ್ಕಾರಕ್ಕೆ ಉಂಟೋ ಎಂಬ ಪ್ರಶ್ನೆ ಪಾಶ್ಚಾತ್ಯ ದೇಶಗಳಲ್ಲಿ ಎರಡು ದಶಕಗಳಿಂದ ಚರ್ಚಿತವಾಗುತ್ತ ಬಂದು, ಕೆಲವೆಡೆ ಶಾಸನದ ರೂಪವನ್ನೂ ತಾಳಿದೆ. ಫ್ರಾನ್ಸ್ ದೇಶವು 2005ರ ಸೆಪ್ಟೆಂಬರಿನಿಂದ ತನ್ನ ಶಾಲೆಗಳಲ್ಲಿ ತಿಂಡಿ ಮತ್ತು ಪಾನೀಯಗಳ ವೆಂಡಿಂಗ್ ಮಷೀನುಗಳನ್ನೇ ತೆಗೆಸಿಹಾಕಿತು. ಅಮೆರಿಕವು ಯಂತ್ರಗಳನ್ನು ಉಳಿಸಿಕೊಂಡು ಅವುಗಳ ಒಡಲಿಗೆ ಏನನ್ನು ತುಂಬಬಹುದೆಂಬುದಕ್ಕೆ ಲೆಕ್ಕ ಹಾಕಿತು. ನಮ್ಮ ದೇಶದಲ್ಲಿ ಈ ವಿಷಯ ಇನ್ನೂ ಸುತ್ತೋಲೆ, ಸಲಹೆ, ಫಲಕಗಳ ಅವಸ್ಥೆಯಲ್ಲಿದೆ. ಹೀಗಿರುವಾಗ ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲೂಕುಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸುವುದು ವಿಚಿತ್ರವಾಗಿ ತೋರಬಹುದು. ಆದರೆ ಪ್ರಶ್ನೆಯ ನಿಜವಾದ ಕಷ್ಟ ಗೋಚರವಾಗುವುದು ರಾಜಧಾನಿಯ ಗಾಜಿನ ಕಟ್ಟಡಗಳಲ್ಲಲ್ಲ, ಇಂತಹ ಊರುಗಳಲ್ಲಿ ಎಂದು ನನ್ನ ಅಭಿಪ್ರಾಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕನ್ನೂ ಕೂಡಿಸಿ ಶಿಕ್ಷಣ ಇಲಾಖೆಯು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ವ್ಯವಹರಿಸುತ್ತದೆ. ರಾಗಿ, ಕಡಲೆಕಾಯಿ, ಹುರುಳಿ, ಹುಣಿಸೆಗಳ ಸೀಮೆ, ಮಳೆ ಕಡಮೆ, ಜಯಮಂಗಲಿ, ಸುವರ್ಣಮುಖಿಗಳು ಹೆಸರಿಗೆ ನದಿಗಳಾದರೂ ವರ್ಷದ ಬಹುಭಾಗ ಮರಳಿನ ಹಾಸುಗಳು. ಇಲ್ಲಿಯ ತಾಲೂಕು ಕಚೇರಿಗಳಲ್ಲಿ ಗಾಜಿನ ಮುಖದ, ಗುಂಡಿ ಒತ್ತಿದರೆ ಪೊಟ್ಟಣವನ್ನು ಉದುರಿಸುವ ಯಂತ್ರವನ್ನು ಹುಡುಕಿಕೊಂಡು ಹೋಗುವುದು ವ್ಯರ್ಥ. ಆದರೂ ನಾಣ್ಯ ಹಾಕಿದರೆ ಕುಡಿಯುವ ವಸ್ತುವನ್ನು ಸುರಿಯುವ ಯಂತ್ರ ಇಲ್ಲಿ ಇಲ್ಲವೆನ್ನುವಂತಿಲ್ಲ. ಗ್ರಾಮ ಪಂಚಾಯಿತಿಯ ಜಾಗದಲ್ಲಿ, ಶಾಲೆಯ ಪಕ್ಕದಲ್ಲಿ, ದೇವಸ್ಥಾನದ ಮುಂದಿನ ಬಯಲಿನಲ್ಲಿ ನಿಂತಿರುವ ಶುದ್ಧ ಕುಡಿಯುವ ನೀರಿನ ಘಟಕವೇ ಈ ಸೀಮೆಯ ವೆಂಡಿಂಗ್ ಮಷೀನು. ಎರಡೋ ಐದೋ ರೂಪಾಯಿಯ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಂಡು ಸೈಕಲ್ಲಿಗೋ ಬೈಕಿಗೋ ಕಟ್ಟಿಕೊಂಡು ಹೋಗುವ ಜನ ಅದನ್ನು ಯಂತ್ರವೆಂದೂ ಕರೆಯುವುದಿಲ್ಲ. ಫಿಲ್ಟರ್ ನೀರು ಎನ್ನುತ್ತಾರೆ, ಅಷ್ಟೆ.

ಈ ಯಂತ್ರ ಇಲ್ಲಿಗೆ ಬಂದ ಕಾರಣ ಭೂಮಿಯೊಳಗಿನ ಫ್ಲೋರೈಡು. ಪಾವಗಡದಲ್ಲಿ ವಿಶೇಷವಾಗಿ, ಮಧುಗಿರಿ ಶಿರಾಗಳ ಅನೇಕ ಗ್ರಾಮಗಳಲ್ಲಿಯೂ, ಅಂತರ್ಜಲ ಆಳಕ್ಕೆ ಇಳಿದಷ್ಟೂ ಬಂಡೆಯ ಖನಿಜಾಂಶ ನೀರಿಗೆ ಹೆಚ್ಚು ಬೆರೆಯುತ್ತ ಬಂದಿತು. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಸ್ವೀಕಾರಾರ್ಹವೆಂದೂ, ಬೇರೆ ಜಲಮೂಲವೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಸಹ್ಯವೆಂದೂ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಕುಡಿದವರ ಕೀಲು, ಬೆನ್ನುಮೂಳೆಗಳು ಬಿಗಿಯುತ್ತವೆ. ಭಾರತದಲ್ಲಿ ಈ ರೋಗ ವೈದ್ಯಶಾಸ್ತ್ರದ ದಾಖಲೆಗೆ ಬಂದದ್ದು 1937ರಲ್ಲಿ, ನೆರೆಯ ಆಂಧ್ರದ ನೆಲ್ಲೂರು ಸೀಮೆಯಿಂದ. 2013ರಿಂದೀಚೆಗೆ ರಾಜ್ಯದಾದ್ಯಂತ ಸಾವಿರಾರು ಸಂಖ್ಯೆಯಲ್ಲಿ ಸ್ಥಾಪಿತವಾದ ಘಟಕಗಳು ಈ ತೊಂದರೆಗೆ ತಕ್ಕಮಟ್ಟಿನ ಪರಿಹಾರವನ್ನು ಕೊಟ್ಟವೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಪುಷ್ಟಿಯ ದೃಷ್ಟಿಯಿಂದ ನೋಡುವವನು ಇಲ್ಲಿಗೇ ನಿಲ್ಲಲಾರ. ಘಟಕದೊಳಗಿನ ಸೂಕ್ಷ್ಮಪೊರೆಯು ಫ್ಲೋರೈಡನ್ನು ತಡೆಯುವಾಗ ಸುಣ್ಣದ ಅಂಶವನ್ನೂ ಮೆಗ್ನೀಸಿಯಮ್ಮನ್ನೂ ಜೊತೆಗೇ ತಡೆದುಬಿಡುತ್ತದೆ. ವಿಷವನ್ನೂ ಸತ್ತ್ವವನ್ನೂ ವಿವೇಚಿಸುವ ಶಕ್ತಿ ಅದಕ್ಕಿಲ್ಲ. ಫ್ಲೋರೈಡಿನ ಬಾಧೆ ಸುಣ್ಣದ ಅಂಶವೂ ಸಿ ಜೀವಸತ್ತ್ವವೂ ಕಡಮೆಯಾದ ದೇಹದಲ್ಲಿ ಉಗ್ರವಾಗುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ವಿಷಯ. ಆದ್ದರಿಂದ ಈ ಸೀಮೆಯಲ್ಲಿ ನೀರಿನ ಯಂತ್ರದ ಪ್ರಶ್ನೆ ಊಟದ ಪ್ರಶ್ನೆಯಿಂದ ಬೇರೆಯಲ್ಲ: ನೀರಿನಲ್ಲಿ ಕಳೆದುಹೋದ ಸುಣ್ಣವನ್ನು ತಟ್ಟೆಯಲ್ಲಿ ತುಂಬಿಕೊಡಬೇಕು. ತುಂಬಿಕೊಡುವ ಧಾನ್ಯವೂ ಇಲ್ಲಿಯದೇ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರನಲವತ್ತು ಮಿಲಿಗ್ರಾಮಿಗೆ ಮೀರಿದ ಸುಣ್ಣದ ಅಂಶವಿದೆ, ಅಷ್ಟೇ ತೂಕದ ಹಸುವಿನ ಹಾಲಿಗಿಂತ ಹೆಚ್ಚುಕಡಮೆ ಮೂರು ಪಾಲು. ಹುರುಳಿಯೂ ಬಹಳ ಹಿಂದೆ ಬೀಳುವುದಿಲ್ಲ. ಇದಕ್ಕೆ ಪ್ರತಿಯಾಗಿ, ಕಚೇರಿಗಳಲ್ಲಿ ಗಂಟೆಗೊಮ್ಮೆ ಸರಬರಾಜಾಗುವ ಚಹದ ಎಲೆ ತಾನೇ ಫ್ಲೋರೈಡನ್ನು ಸಂಗ್ರಹಿಸಿಕೊಳ್ಳುವ ಜಾತಿಯದು. ಮೀಟಿಂಗಿನ ಚಹವನ್ನು ನಿಲ್ಲಿಸಬೇಕೆನ್ನುವಷ್ಟು ಧೈರ್ಯ ನನಗಿಲ್ಲ. ಪಾವಗಡದಂತಹ ಊರಿನಲ್ಲಿ ಅದರ ಪಕ್ಕದಲ್ಲಿ ಮಜ್ಜಿಗೆಯೂ ಇರಲಿ ಎನ್ನುವುದಕ್ಕೆ ಧೈರ್ಯ ಬೇಕಾಗುವುದಿಲ್ಲ.

ನೀರಿನ ಯಂತ್ರದಿಂದ ಕಲಿಯಬೇಕಾದುದು ಇನ್ನೊಂದಿದೆ. ಸರ್ಕಾರಿ ನೆಲದಲ್ಲಿ ಮಾರುವ ವಸ್ತುವಿಗೆ ಅಂಕೆಯಲ್ಲಿ ಮಿತಿಯನ್ನು ನಿಗದಿಪಡಿಸುವುದು ಸಾಧ್ಯವೆಂಬುದನ್ನು ಅದು ತೋರಿಸಿಕೊಟ್ಟಿದೆ. ಆ ಮಿತಿ ಪಾಲಿತವಾಗುತ್ತಿದೆಯೇ ಎಂಬುದು ನಾಣ್ಯ ಹಾಕುವವನಿಗೆ ಗೊತ್ತಾಗದಿದ್ದರೆ ಮಿತಿ ಕಾಗದದ ಮೇಲಿನ ಮಾತಾಗಿ ಉಳಿಯುತ್ತದೆಂಬುದನ್ನೂ ತೋರಿಸಿಕೊಟ್ಟಿದೆ. ಘಟಕದ ಬಾಗಿಲಿನ ಮೇಲೆ ಉದ್ಘಾಟಕರ ಹೆಸರು, ಅನುದಾನದ ಶೀರ್ಷಿಕೆ, ಗುತ್ತಿಗೆದಾರರ ವಿವರಗಳು ಬಣ್ಣದಲ್ಲಿ ಬರೆದಿರುತ್ತವೆ. ಕಳೆದ ತಿಂಗಳು ಈ ನೀರಿನಲ್ಲಿ ಫ್ಲೋರೈಡು ಇಷ್ಟಿತ್ತು ಎಂಬ ಒಂದು ಪಂಕ್ತಿಗೆ ಅಲ್ಲಿ ಸ್ಥಳವಿರಬೇಡವೆ? ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಬಹುಗ್ರಾಮ ಯೋಜನೆ 2025ರಲ್ಲಿ ಲೋಕಾರ್ಪಣೆಗೊಂಡಿದೆ. ನದಿಯ ನೀರು ಪ್ರತಿ ಮನೆಯ ನಲ್ಲಿಗೂ ನಿಯತವಾಗಿ ಬರುವವರೆಗೆ ಈ ಯಂತ್ರಗಳ ಅಗತ್ಯ ತಪ್ಪದು.

ಇನ್ನು ತಿಂಡಿಯ ಯಂತ್ರಗಳ ಮಾತು. ಅಮೆರಿಕದಲ್ಲಿ 2010ರ ಶಾಸನವೊಂದರ ಆಧಾರದ ಮೇಲೆ ಕೃಷಿ ಇಲಾಖೆಯು ರೂಪಿಸಿ 2014ರ ಜುಲೈಯಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಶಾಲೆಯ ಆವರಣದಲ್ಲಿ ಹಗಲು ಮಾರುವ ಯಾವ ತಿಂಡಿಯೂ 200 ಕ್ಯಾಲೊರಿಯನ್ನು ಮೀರಕೂಡದು. ತೂಕದಲ್ಲಿ ಶೇಕಡ 35ಕ್ಕಿಂತ ಹೆಚ್ಚು ಸಕ್ಕರೆಯಿರಕೂಡದು. ಕ್ಯಾಲೊರಿಗಳಲ್ಲಿ ಶೇಕಡ 35ಕ್ಕಿಂತ ಹೆಚ್ಚು ಕೊಬ್ಬಿನಿಂದ ಬರಕೂಡದು. ನ್ಯೂಯಾರ್ಕ್ ನಗರವು 2008ರಿಂದ ತನ್ನ ಇಲಾಖೆಗಳು ಕೊಳ್ಳುವ, ಬಡಿಸುವ ಆಹಾರಕ್ಕೆ ಮಾನದಂಡಗಳನ್ನು ವಿಧಿಸಿತು. ಅಲ್ಲಿಯ ಕೇಂದ್ರ ಸರ್ಕಾರದ ಕಟ್ಟಡಗಳಿಗೆ 2011ರಲ್ಲಿ ಮಾರ್ಗಸೂಚಿ ಬಂದು 2017ರಲ್ಲಿ ಪರಿಷ್ಕೃತವಾಯಿತು. ಶಾಲೆಗಳ ಆ ನಿಯಮಾವಳಿಯಲ್ಲಿ ನಮ್ಮ ಸೀಮೆಯವರು ಗಮನಿಸತಕ್ಕ ಸಂಗತಿಯೊಂದುಂಟು. ಕಡಲೆಬೀಜ ಮೊದಲಾದ ಎಣ್ಣೆಬೀಜಗಳಿಗೆ ಕೊಬ್ಬಿನ ಮಿತಿಯಿಂದ ವಿನಾಯಿತಿಯಿದೆ, ಅವುಗಳ ಕೊಬ್ಬು ಹಾನಿಕರವಲ್ಲವೆಂಬ ಕಾರಣದಿಂದ. ಅವಕ್ಕೆ ಸಿಹಿಯನ್ನು ಬೆರೆಸಿದೊಡನೆ ಆ ವಿನಾಯಿತಿ ತಪ್ಪುತ್ತದೆ. ಒಂದು ಹಿಡಿ ಹುರಿದ ಕಡಲೆಬೀಜ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಉತ್ತೀರ್ಣವಾಗುತ್ತದೆ. ಕಡಲೆಮಿಠಾಯಿ ಮಾತ್ರ ತಕ್ಕಡಿಗೆ ಏರಿ ಉತ್ತರ ಹೇಳಬೇಕಾಗುತ್ತದೆ.

ಆ ತಕ್ಕಡಿಗೆ ನಮ್ಮ ಕಡಲೆಮಿಠಾಯಿ ಏರಿದ ಪ್ರಸಂಗವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸರ್ಕಾರವು ತಾನೇ ಕೊಡುವ ಆಹಾರಕ್ಕೆ ಮಾನದಂಡವಿಲ್ಲವೆಂದು ಯಾರೂ ದೂರುವಂತಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಆಜ್ಞಾಪಿಸಿದ ತರುವಾಯ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೆ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟದಲ್ಲಿ, ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕದ ಮಗುವಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ದೊರೆಯಬೇಕೆಂಬ ಲೆಕ್ಕವಿದೆ. ತರಕಾರಿ, ಬೇಳೆ, ಎಣ್ಣೆಗಳಿಗೂ ಗ್ರಾಮಿನ ಲೆಕ್ಕವಿದೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಬಂದಿತು. 2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಹಿಟ್ಟಿನ ಮಿಶ್ರಣ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಮೊಟ್ಟೆ ವಾರದ ಆರು ದಿನಕ್ಕೂ ವಿಸ್ತರಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಕಡಲೆಮಿಠಾಯಿ. ಆದರೆ 2025ರ ಆರಂಭದಲ್ಲಿ, ಈ ಮಿಠಾಯಿಯಲ್ಲಿ, ಅಂದರೆ ಚಿಕ್ಕಿಯಲ್ಲಿ, ಕೊಬ್ಬು ಸಕ್ಕರೆಗಳು ಮಿತಿಮೀರಿವೆಯೆಂಬ ಕಾರಣದಿಂದ ಅದನ್ನು ಕೈಬಿಡಬೇಕೆಂದು ಶಿಕ್ಷಣ ಇಲಾಖೆ ನಿರ್ಧರಿಸಿತು.

ಕಡಲೆಕಾಯಿಯ ಸೀಮೆಯಲ್ಲಿ ನಿಂತು ನೋಡುವವನಿಗೆ ಈ ನಿರ್ಧಾರ ಅರ್ಧ ಸರಿ, ಅರ್ಧ ಅವಸರ ಎನಿಸುತ್ತದೆ. ಕಾರ್ಖಾನೆಯಿಂದ ಹೊರಟು ಗೋದಾಮಿನಲ್ಲಿ ಕೊಳೆತು ಶಾಲೆಗೆ ಬರುವ, ಸಕ್ಕರೆ ಪಾಕವೇ ಮುಕ್ಕಾಲಾದ ಮಿಠಾಯಿಯನ್ನು ತಡೆದದ್ದು ನ್ಯಾಯ. ತೇವದಲ್ಲಿ ಉಳಿದ ಕಡಲೆಬೀಜಕ್ಕೆ ಹಿಡಿಯುವ ಬೂಸಿನ ವಿಷವೂ ಸಾಮಾನ್ಯವಲ್ಲ. 1960ರಲ್ಲಿ ಬ್ರೆಜಿಲ್ಲಿನಿಂದ ತಂದ ಕಡಲೆಹಿಂಡಿಯನ್ನು ತಿಂದು ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತ ಮೇಲೆಯೇ ಅಫ್ಲಾಟಾಕ್ಸಿನ್ ಎಂಬುದು ಲೋಕಕ್ಕೆ ತಿಳಿದದ್ದು. ಆದರೆ ದೋಷ ಬೆಲ್ಲದ ಪ್ರಮಾಣದ್ದು, ದಾಸ್ತಾನಿನದು, ಬೀಜದ್ದಲ್ಲ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ತನ್ನ ಮೊದಲ ದಶಕಗಳಲ್ಲಿ ಹಸಿದ ಮಕ್ಕಳಿಗಾಗಿ ಸಿದ್ಧಪಡಿಸಿದ ವಿವಿಧೋದ್ದೇಶ ಆಹಾರವು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟನ್ನು ಬೆರೆಸಿ ಮಾಡಿದ್ದು. ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಕೂಡಿಸಿದ ಮಿಲ್ಟೋನ್ ಎಂಬ ಪಾನೀಯವೂ ಅಲ್ಲಿಂದಲೇ ಹೊರಟಿತು. ಆ ಅರ್ಧ ಶತಮಾನದ ವಿದ್ಯೆ ಕೈಯಲ್ಲಿದ್ದೂ, ಚಿಕ್ಕಿಯಲ್ಲಿ ಬೀಜವೆಷ್ಟು ಬೆಲ್ಲವೆಷ್ಟು ಇರತಕ್ಕದ್ದೆಂದು ಬರೆದು, ಮಧುಗಿರಿಯಲ್ಲಿಯೋ ವೈ.ಎನ್. ಹೊಸಕೋಟೆಯಲ್ಲಿಯೋ ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಮಾಡಿಸುವುದನ್ನು ಬಿಟ್ಟು ಪದಾರ್ಥವನ್ನೇ ಬಹಿಷ್ಕರಿಸುವುದು ಅಳತೆಗೋಲಿನ ಉಪಯೋಗವಲ್ಲ.

ಹೀಗೆ ಕೊಡುವ ಆಹಾರಕ್ಕೆ ಗ್ರಾಮಿನ ಲೆಕ್ಕವುಂಟು. ಮಾರಲು ಬಿಡುವ ಆಹಾರಕ್ಕೆ ಏನುಂಟು? ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವಿನಿಯಮವು ಕೊಬ್ಬು, ಉಪ್ಪು, ಸಕ್ಕರೆಗಳು ಅಧಿಕವಾಗಿರುವ ಪದಾರ್ಥಗಳನ್ನು ಶಾಲೆಯ ಕ್ಯಾಂಟೀನಿನಲ್ಲಿಯೂ ಶಾಲೆಯ ಗೇಟಿನಿಂದ ಐವತ್ತು ಮೀಟರಿನ ಒಳಗೂ ಮಾರಕೂಡದೆನ್ನುತ್ತದೆ. ದೆಹಲಿಯ ಹೈಕೋರ್ಟಿನಲ್ಲಿ 2010ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ದಾವೆಯೊಂದರ ದೀರ್ಘ ಫಲ ಇದು. ಆದರೆ ಮಧುಗಿರಿಯಂತಹ ಊರಿನಲ್ಲಿ ಪ್ರೌಢಶಾಲೆ, ಕಾಲೇಜು, ಬಸ್ ನಿಲ್ದಾಣ, ಅಂಗಡಿ ಬೀದಿಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿರುವಾಗ ಐವತ್ತು ಮೀಟರಿನ ವೃತ್ತವನ್ನು ಎಳೆಯುವವರು ಯಾರು? ಎಳೆದರೂ ಆ ವೃತ್ತದೊಳಗೆ ಮೊದಲು ಸಿಕ್ಕಿಬೀಳುವವಳು ಪೇರಲಹಣ್ಣಿಗೆ ಉಪ್ಪುಖಾರ ಸವರಿ ಮಾರುವ ಮುದುಕಿಯೇ ಹೊರತು ಪೊಟ್ಟಣದ ಸರಮಾಲೆಗಳನ್ನು ತೂಗುಹಾಕಿದ ಪಕ್ಕಾ ಅಂಗಡಿಯವನಲ್ಲ ಎಂಬ ಭಯ ನನಗಿದೆ.

ಕಚೇರಿಗಳ ವಿಷಯದಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯವು 2019ರ ಜೂನ್ ತಿಂಗಳಲ್ಲಿ ತನ್ನ ಸಭೆಗಳಲ್ಲಿ ಬಿಸ್ಕತ್ತನ್ನು ನಿಲ್ಲಿಸಿ ಹುರಿಗಡಲೆ, ಖರ್ಜೂರ, ಬಾದಾಮಿ, ಅಕ್ರೋಟುಗಳನ್ನು ಇಡತಕ್ಕದ್ದೆಂದು ಸುತ್ತೋಲೆ ಹೊರಡಿಸಿತು. 2025ರ ಜೂನ್ ತಿಂಗಳಲ್ಲಿ ಅದೇ ಸಚಿವಾಲಯವು ಎಲ್ಲ ಇಲಾಖೆಗಳಿಗೂ ಪತ್ರ ಬರೆದು, ನಿತ್ಯದ ತಿಂಡಿಗಳಲ್ಲಿ ಎಣ್ಣೆ ಸಕ್ಕರೆಗಳೆಷ್ಟು ಅಡಗಿವೆಯೆಂಬುದನ್ನು ತಿಳಿಸುವ ಫಲಕಗಳನ್ನು ಕ್ಯಾಂಟೀನುಗಳಲ್ಲಿ ತೂಗುಹಾಕಬೇಕೆಂದಿತು. ಸಮೋಸ ಜಿಲೇಬಿಗಳ ಮೇಲೆ ಸಿಗರೇಟಿನ ಹಾಗೆ ಎಚ್ಚರಿಕೆ ಬರೆಯಲಾಗುವುದೆಂದು ಪತ್ರಿಕೆಗಳು ಗದ್ದಲವೆಬ್ಬಿಸಿ, ಮರುತಿಂಗಳೇ ಸರ್ಕಾರ ಅದು ಹಾಗಲ್ಲವೆಂದು ಸ್ಪಷ್ಟೀಕರಿಸಬೇಕಾಯಿತು. ನಮ್ಮ ರಾಜ್ಯದಲ್ಲಿ 2025ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಗಳು ಸರ್ಕಾರಿ ಕಚೇರಿಗಳಲ್ಲಿಯೂ ಸಭೆಗಳಲ್ಲಿಯೂ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ತ್ಯಜಿಸಿ ನಂದಿನಿ ಉತ್ಪನ್ನಗಳನ್ನೇ ಬಳಸತಕ್ಕದ್ದೆಂದು ಸೂಚಿಸಿದರು. ಹಾಲು ಕರೆಯುವ ರೈತನಿಗೆ ಅನುಕೂಲವಾದ ಈ ಸೂಚನೆ ಸ್ವಾಗತಾರ್ಹವಾದುದೇ. ಪುಷ್ಟಿಯ ಮಾನದಂಡ ಮಾತ್ರ ಇದಲ್ಲ, ಏತಕ್ಕೆಂದರೆ ನಂದಿನಿ ಮಜ್ಜಿಗೆಯನ್ನು ಕೊಂಡವರೂ ನಂದಿನಿ ಮೈಸೂರುಪಾಕನ್ನು ಕೊಂಡವರೂ ಸಮಾನವಾಗಿ ಆಜ್ಞಾಪಾಲಕರೇ ಆಗುತ್ತಾರೆ.

ಇವೆಲ್ಲವುಗಳಲ್ಲಿ ಒಂದು ಲೋಪ ಸಾಮಾನ್ಯವಾಗಿದೆ. ಇವು ತಿನ್ನುವವನಿಗೆ ಬುದ್ಧಿ ಹೇಳುತ್ತವೆ, ಕಚೇರಿಗೆ ಕೊಳ್ಳುವವನಿಗೆ ಸೂಚನೆ ಕೊಡುತ್ತವೆ. ಸರ್ಕಾರಿ ನೆಲದಲ್ಲಿ ಮಾರುವವನ ಕರಾರುಪತ್ರವನ್ನು ಮುಟ್ಟುವುದಿಲ್ಲ. ಕರಾರುಪತ್ರ ಹೇಗಿರುತ್ತದೆಂಬುದು ಯಾರಿಗೂ ಗೊತ್ತಿಲ್ಲದ ರಹಸ್ಯವಲ್ಲ. ಬಸ್ ನಿಲ್ದಾಣದ ಮಳಿಗೆಯಿರಲಿ, ಶಿರಾ ನಗರಸಭೆ, ಮಧುಗಿರಿ ಪಾವಗಡಗಳ ಪುರಸಭೆ, ಕೊರಟಗೆರೆಯ ಪಟ್ಟಣ ಪಂಚಾಯಿತಿಗಳಂತಹ ಸ್ಥಳೀಯ ಸಂಸ್ಥೆಯ ಅಂಗಡಿಯಿರಲಿ, ಟೆಂಡರು ಕರೆಯುವುದು, ಹೆಚ್ಚು ಬಾಡಿಗೆ ಕೂಗಿದವರಿಗೆ ಕೊಡುವುದು ವಾಡಿಕೆ. ತಿಂಗಳ ಕೊನೆಗೆ ಆ ಬಾಡಿಗೆಯನ್ನು ಕಟ್ಟಲೇಬೇಕಾದವನು ಏನನ್ನು ಮಾರುತ್ತಾನೆ? ಮಜ್ಜಿಗೆ ಸಂಜೆಗೆ ಹುಳಿಯುತ್ತದೆ. ಬಾಳೆಹಣ್ಣು ಮೂರನೆಯ ದಿನ ಕಪ್ಪಾಗುತ್ತದೆ. ಅಂಬಲಿಯನ್ನು ಕಾಯಿಸುವುದಕ್ಕೆ ಒಂದು ಆಳು ಬೇಕು. ಪೊಟ್ಟಣದ ತಿಂಡಿಗಾದರೋ ಆರು ತಿಂಗಳ ಆಯುಸ್ಸು, ಮೇಲೆ ಅಚ್ಚಾದ ಬೆಲೆ, ಖಚಿತವಾದ ಲಾಭ. ಏಜೆಂಟನು ಅಂಗಡಿಯ ಬಾಗಿಲಿಗೇ ತಂದಿಳಿಸಿ ಹೋಗುತ್ತಾನೆ. ಕೊಳೆತದ್ದೆಂಬ ನಷ್ಟವೇ ಇಲ್ಲ. ವ್ಯಾಪಾರಿಯ ದುರಾಶೆಯನ್ನು ಇಲ್ಲಿ ಬಯ್ಯುವುದು ಅನ್ಯಾಯ. ಅವನು ಮಾರುವ ಪದಾರ್ಥವನ್ನು ಆರಿಸಿದ್ದು ಬಹುಮಟ್ಟಿಗೆ ಅವನಲ್ಲ, ಟೆಂಡರಿನ ಬಾಡಿಗೆಯ ಮೊಬಲಗು. ನೆಲದ ಒಡೆಯನಾಗಿ ಆ ಬಾಡಿಗೆಯನ್ನು ಎಣಿಸಿಕೊಳ್ಳುವ ಸರ್ಕಾರವೇ ಅದೇ ಊರಿನ ತಾಲೂಕು ಆಸ್ಪತ್ರೆಯಲ್ಲಿ ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಮಾತ್ರೆಗಳನ್ನು ಉಚಿತವಾಗಿ ಹಂಚುತ್ತಿದೆ.

ನೆಲದ ಒಡೆಯನಿಗೆ ಬಾಡಿಗೆಯ ಹೊರತು ಬೇರೆ ಉದ್ದೇಶವಿರಕೂಡದೆಂಬ ನಿಯಮವೇನೂ ಇಲ್ಲ. ಅಮೆರಿಕದಲ್ಲಿಯೇ 1936ರ ಶಾಸನವೊಂದು ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಅಂಗಡಿಯಿಡುವ ಆದ್ಯತೆಯನ್ನು ಅಂಧರಿಗೆ ಕೊಟ್ಟಿತು. ಮುಂದೆ ವೆಂಡಿಂಗ್ ಮಷೀನುಗಳ ಆದಾಯದಲ್ಲಿಯೂ ಅವರಿಗೆ ಹಕ್ಕು ದೊರೆಯಿತು. ನಮ್ಮಲ್ಲಿಯೂ ಅದಕ್ಕೆ ಸಮೀಪವಾದ ಒಂದು ಪ್ರಯತ್ನ ನಡೆದಿದೆ: ರಾಜ್ಯದ 2024–25ರ ಆಯವ್ಯಯದಲ್ಲಿ ಮಹಿಳಾ ಸ್ವಸಹಾಯ ಸಂಘಗಳು ನಡೆಸುವ 50 ‘ಕೆಫೆ ಸಂಜೀವಿನಿ’ಗಳನ್ನು ಘೋಷಿಸಲಾಯಿತು, ಅದೇ ಆಲೋಚನೆ ಆಮೇಲೆ ಅಕ್ಕ ಕೆಫೆ ಎಂಬ ಹೆಸರಿನಲ್ಲಿ ಬೆಳೆಯಿತು. ಸ್ಥಳೀಯ ತಿಂಡಿಯನ್ನು ಅಂದಂದಿಗೆ ಮಾಡಿ ಮಾರುವ ಸಂಘಕ್ಕೆ ಬಾಡಿಗೆಯಲ್ಲಿ ಇಳಿಕೆ ಕೊಟ್ಟರೆ ಟೆಂಡರಿನ ಗಣಿತ ತಲೆಕೆಳಗಾಗುತ್ತದೆ. ಹಿಂದಿನವರು ಹಾದಿಯ ಬದಿಯಲ್ಲಿ ಅರವಟ್ಟಿಗೆಯಿಟ್ಟು ನೀರು ಮಜ್ಜಿಗೆಗಳನ್ನು ಕೊಟ್ಟಾಗ ಆ ಜಾಗದ ಉತ್ಪತ್ತಿಯೇನೆಂದು ಲೆಕ್ಕ ಹಾಕಲಿಲ್ಲ. ಈಗ ಉಚಿತವಾಗಿ ಕೊಡಿರೆಂದು ಯಾರೂ ಕೇಳುತ್ತಿಲ್ಲ, ಮಾರುವವರಿಗೆ ಒಳ್ಳೆಯದನ್ನು ಮಾರುವುದು ಸಾಧ್ಯವಾಗಲಿ ಎಂದಷ್ಟೇ ಕೇಳುವುದು.

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ವಯಸ್ಸಿಗೆ ಬಂದ ಮನುಷ್ಯನು ತನ್ನ ಹಣದಲ್ಲಿ ಏನನ್ನು ತಿನ್ನಬೇಕೆಂದು ಹೇಳುವುದಕ್ಕೆ ಸರ್ಕಾರ ಯಾರು ಎಂಬುದು ಅವುಗಳಲ್ಲಿ ಬಲವಾದುದು. ಪ್ರಶ್ನೆ ಗೌರವಾರ್ಹ, ಬೀದಿಯ ಅಂಗಡಿಗೆ ಅನ್ವಯಿಸಿ ಕೇಳಿದರೆ ನಾನೂ ಅದರ ಪಕ್ಷವೇ. ಆದರೆ ಪಹಣಿಗೋಸ್ಕರ ಬೆಳಗಿನ ಬಸ್ಸಿಗೆ ನಾಗಲಮಡಿಕೆಯಿಂದ ಪಾವಗಡಕ್ಕೆ ಬಂದು ಮಧ್ಯಾಹ್ನದವರೆಗೆ ಕಾದು ಕೂತ ರೈತನಿಗೆ, ಇಲ್ಲವೆ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲನ್ನು ಬಿಟ್ಟು ಕದಲಲಾಗದ ತಾಯಿಗೆ, ಎದುರಿಗಿರುವ ಒಂದೇ ಮಳಿಗೆಯಲ್ಲಿ ಏನಿದೆಯೋ ಅದೇ ಆಯ್ಕೆ. ಕಾಯಿಸುವವನು ಸರ್ಕಾರ, ಕಾಯುವವನಿಗೆ ಒಂದು ಲೋಟ ಮಜ್ಜಿಗೆ ದೊರಕುವಂತೆ ನೋಡಿಕೊಳ್ಳುವುದು ಅವನ ಸ್ವಾತಂತ್ರ್ಯವನ್ನು ಹೆಚ್ಚಿಸುತ್ತದೆಯೇ ಹೊರತು ಕುಂದಿಸುವುದಿಲ್ಲ. ಪೊಟ್ಟಣಗಳನ್ನು ನಿಷೇಧಿಸಬೇಕೆಂಬುದು ನನ್ನ ವಾದವೂ ಅಲ್ಲ. ಸರ್ಕಾರಿ ನೆಲದ ಪ್ರತಿ ಮಳಿಗೆಯಲ್ಲಿಯೂ, ಮುಂದೆ ಬರಬಹುದಾದ ಪ್ರತಿ ಯಂತ್ರದಲ್ಲಿಯೂ, ಅರ್ಧದಷ್ಟು ಪದಾರ್ಥಗಳಾದರೂ ಬಿಸಿಯೂಟಕ್ಕೆ ಒಪ್ಪಿತವಾದ ಜಾತಿಯವಾಗಿರಬೇಕು, ಅಂದರೆ ಬೇಳೆಕಾಳು, ಬೀಜ, ಹಣ್ಣು, ಹಾಲು ಮಜ್ಜಿಗೆ, ರಾಗಿಯವು. ಅವು ಕಣ್ಣಿಗೆ ಬೀಳುವ ಎತ್ತರದಲ್ಲಿರಬೇಕು. ಅವಕ್ಕೆ ಬಾಡಿಗೆಯಲ್ಲಿ ರಿಯಾಯಿತಿ ಸಲ್ಲಬೇಕು. ಕುಡಿಯುವ ನೀರು, ಅದರ ಫ್ಲೋರೈಡಿನ ಅಂಕೆಯ ಸಹಿತ, ಪಕ್ಕದಲ್ಲಿಯೇ ದೊರೆಯಬೇಕು. ಇಷ್ಟಕ್ಕೆ ಹೊಸ ಶಾಸನ ಬೇಕಾಗಿಲ್ಲ, ಟೆಂಡರಿನ ಷರತ್ತುಗಳಲ್ಲಿ ನಾಲ್ಕು ಸಾಲು ಸಾಕು.

ಆ ನಾಲ್ಕು ಸಾಲುಗಳನ್ನು ಬರೆಯುವುದಕ್ಕೆ ಇದು ಸಕಾಲ. ಕೊರಟಗೆರೆ, ಮಧುಗಿರಿ, ಪಾವಗಡಗಳ ಮೇಲೆ ಹಾದುಹೋಗುವ ತುಮಕೂರು–ರಾಯದುರ್ಗ ರೈಲು ಮಾರ್ಗವೂ, ಶಿರಾದ ಮೇಲೆ ಹಾದುಹೋಗುವ ತುಮಕೂರು–ದಾವಣಗೆರೆ ಮಾರ್ಗವೂ ಕಾಮಗಾರಿಯಲ್ಲಿವೆ. ನಿಲ್ದಾಣಗಳು ತೆರೆದಾಗ ಮಳಿಗೆಗಳೂ ಯಂತ್ರಗಳೂ ಬರುತ್ತವೆ. ಒಮ್ಮೆ ಸಹಿಯಾದ ಪರವಾನಗಿ ಅವಧಿ ಮುಗಿಯುವವರೆಗೆ ಅಲುಗದು. ಈ ನಾಲ್ಕು ತಾಲೂಕುಗಳ ಶಾಸಕರೂ, ಸ್ಥಳೀಯ ಸಂಸ್ಥೆಗಳ ಸದಸ್ಯರೂ, ಜಿಲ್ಲಾ ಪಂಚಾಯಿತಿಯ ಅಧಿಕಾರಿಗಳೂ ತಮ್ಮ ತಮ್ಮ ವ್ಯಾಪ್ತಿಯ ಮಳಿಗೆಗಳ ಮುಂದಿನ ಟೆಂಡರಿನಲ್ಲಿ ಈ ಷರತ್ತನ್ನು ಸೇರಿಸಿ, ರೈಲ್ವೆ ಇಲಾಖೆಗೂ ಅದನ್ನೇ ಬರೆದು ಕೇಳಬೇಕೆಂದು ಪ್ರಾರ್ಥನೆ.